ಬಲೆ, ಬಳೆ ಮತ್ತು ಹಾಂಕೊದಲ್ಲಿ ಎರಡು ದಿನ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ.

ಪರಿಚಯ ಮಾಡಿಕೊಟ್ಟವರು ನನ್ನನ್ನು ಪಕ್ಷಿತಜ್ಞ ಅಂದುಬಿಟ್ಟರು. ಅದನ್ನು ಮೊದಲೇ ತಿದ್ದಿಬಿಡುತ್ತೇನೆ. ನಾನು ಇಲ್ಲೇ ಸಾಗರದ ಕಡೆಯವನು, ಹೆಲ್ಸಿಂಕಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ, ಹಕ್ಕಿ ನೋಡುವ ಚಟ ಇದೆ. ಅಷ್ಟೇ. ಹೋದ ಅಕ್ಟೋಬರಿನಲ್ಲಿ ಒಂದು ಶನಿವಾರ, ಭಾನುವಾರ ಅಲ್ಲಿಯ ಹಕ್ಕಿ ಕೇಂದ್ರವೊಂದರಲ್ಲಿ ಉಳಿದುಕೊಂಡು, ಹಕ್ಕಿ ಎಣಿಸಿ, ಹಕ್ಕಿ ಕಾಲಿಗೆ ಬಳೆ ತೊಡಿಸುವುದನ್ನು ನೋಡಿ ಬಂದೆ. ಅದರ ಕತೆ ಹೇಳುತ್ತೇನೆ. ಮಧ್ಯದಲ್ಲಿ ನಮ್ಮ ಸೊರಬವೂ ಬರುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ಫಿನ್ಲೆಂಡಿನ ನಕ್ಷೆ ನೋಡಿದರೆ ಕೆಳಗೆ ನೈಋತ್ಯದ ಮೂಲೆಯಲ್ಲಿ ಸಮುದ್ರಕ್ಕೆ ಬೆರಳು ಚಾಚಿದ ಹಾಗೆ ಒಂದು ಭೂಮಿ ಇದೆ. ಅದೇ ಹಾಂಕೊ. ಆ ಬೆರಳಿನ ಉಗುರಿನ ತುದಿಯಲ್ಲಿ ಹೆಲ್ಸಿಂಕಿಯ ಪಕ್ಷಿವೀಕ್ಷಕರ ಸಂಘ 'ತ್ರಿಂಗಾ' 1979ರಲ್ಲಿ ಒಂದು ಕೇಂದ್ರ ಶುರು ಮಾಡಿತು. ಹಕ್ಕಿಯವರು ಅದನ್ನು 'ಹಾಲಿಯಾಸ್' ಅಂತ ಕರೆಯುತ್ತಾರೆ. ಕರ್ಯಾ ಅನ್ನುವ ಊರಿನಲ್ಲಿ ರೈಲು ಬದಲಿಸಿ ಹಾಂಕೊ ತಲುಪಿ, ಅಲ್ಲಿಂದ ಬಂದರಿನ ಬೇಲಿ ಪಕ್ಕದಲ್ಲೇ ನಡೆಯಬೇಕು. ಬೇಲಿಯ ಆಚೆ ಹಡಗಿನಿಂದ ಇಳಿಸಿದ ಹೊಸ ಕಾರುಗಳು ಸಾಲುಸಾಲಾಗಿ ನಿಂತಿರುತ್ತವೆ, ಈಚೆ ಪೈನ್ ಮರ, ಮರಳು, ಬಂಡೆ. ಇಂಥ ಜಾಗಕ್ಕೆ ಹಕ್ಕಿ ಯಾಕೆ ಬರುತ್ತದೆ ಅನ್ನಿಸಿತ್ತು. ಅದು ಬರುವುದಲ್ಲ, ಬಂದು ಸಿಕ್ಕಿಹಾಕಿಕೊಳ್ಳುವುದು. ಚಳಿಗಾಲಕ್ಕೆ ಮುಂಚೆ ದಕ್ಷಿಣಕ್ಕೆ ಹೊರಟ ಸಣ್ಣ ಹಕ್ಕಿಗಳು ನೆಲ ಬಿಡಲು ಮನಸ್ಸಿಲ್ಲದೆ ದಡ ಹಿಡಿದುಕೊಂಡೇ ಹಾರುತ್ತವೆ. ದಡ ಕಿರಿದಾಗುತ್ತಾ ಹೋಗಿ ಕೊನೆಗೆ ಈ ತುದಿಯಲ್ಲಿ ಮುಗಿಯುತ್ತದೆ, ಮುಂದೆ ಬರೀ ನೀರು, ಆಚೆಗೆ ಕಣ್ಣಿಗೆ ಕಾಣದ ಎಸ್ಟೋನಿಯಾ. ಲಾಳಿಕೆಯಲ್ಲಿ ಎಣ್ಣೆ ಸುರಿದ ಹಾಗೆ ಎಲ್ಲವೂ ಒಂದೇ ಕಡೆ ಬಂದು ಸೇರುತ್ತವೆ. ಬ್ಲೂ ಟಿಟ್ ಅಂತ ನೀಲಿ ಟೋಪಿಯ ಪುಟ್ಟ ಹಕ್ಕಿ ಇದೆ, ಅದರ ಹಿಂಡು ನೀರಿನ ಮೇಲೆ ಒಂದಿಷ್ಟು ದೂರ ಹೋಗುತ್ತದೆ, ಹೆದರುತ್ತದೆ, ವಾಪಸ್ಸು ಬಂದು ಪೊದೆಯಲ್ಲಿ ಕೂತು ಗಲಾಟೆ ಮಾಡುತ್ತದೆ, ಮತ್ತೆ ಹೋಗುತ್ತದೆ. ಮೊದಲ ಸಲ ವಿಮಾನ ಹತ್ತುವಾಗ ನಮ್ಮ ದೊಡ್ಡಪ್ಪ ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ.

ಬೆಳಿಗ್ಗೆಯ ಕೆಲಸ ಎಣಿಕೆ. ಸೂರ್ಯ ಹುಟ್ಟಿದ ಕ್ಷಣದಿಂದ ನಾಲ್ಕು ಗಂಟೆ ಕಾಲ, ದಿನಾ, ಒಂದೇ ಜಾಗದಿಂದ, ಒಂದೇ ರೀತಿಯಲ್ಲಿ. ತುದಿಯಲ್ಲಿರುವ ಹಳೇ ಬಂಕರ್ ಮೇಲೆ ನಿಂತು ನೋಡಬೇಕು. ಅಕ್ಟೋಬರ್ ಮೊದಲ ವಾರದಲ್ಲಿ ಅಲ್ಲಿ ಬೆಳಕು ಹರಿಯುವುದು ಏಳೂವರೆ ಹೊತ್ತಿಗೆ, ಹಾಗಾಗಿ ತುಂಬಾ ಬೇಗ ಏಳಬೇಕಾಗಿಲ್ಲ, ಆದರೆ ಗಾಳಿ ಮೂಳೆಗೆ ಹೋಗುತ್ತದೆ. ನಾನು ಎರಡು ಸ್ವೆಟರ್, ಅಮ್ಮ ಕೊಟ್ಟ ಮಫ್ಲರ್, ಅದರ ಮೇಲೆ ಜಾಕೆಟ್ ಹಾಕಿದ್ದೆ. ಪಕ್ಕದಲ್ಲಿದ್ದ ಎಪ್ಪತ್ತು ದಾಟಿದ ಅಜ್ಜಿ ಬರಿಗೈಯಲ್ಲಿ ಟೆಲಿಸ್ಕೋಪ್ ತಿರುಗಿಸುತ್ತಿದ್ದರು. ಬಾರ್ನಕಲ್ ಹೆಬ್ಬಾತುಗಳು, ಅಂದರೆ ನಮ್ಮ ಗದಗದ ಮಾಗಡಿ ಕೆರೆಗೆ ಬರುತ್ತವಲ್ಲ ಪಟ್ಟೆತಲೆ ಹೆಬ್ಬಾತು, ಅವುಗಳ ದೂರದ ನೆಂಟರು, ರಷ್ಯದ ಉತ್ತರದ ಕಡೆಯಿಂದ ಗೆರೆ ಎಳೆದ ಹಾಗೆ ಬರುತ್ತಿದ್ದವು. ನಾನು ಒಂದು, ಎರಡು, ಮೂರು ಅಂತ ಎಣಿಸುತ್ತಾ ನಲವತ್ತಕ್ಕೆ ಬರುವಷ್ಟರಲ್ಲಿ ಅಜ್ಜಿ ಹಿಂಡಿನ ಒಟ್ಟು ಸಂಖ್ಯೆ ಹೇಳಿ ಮುಂದಿನದಕ್ಕೆ ಹೋಗಿಬಿಟ್ಟಿದ್ದರು. ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಿಗೆ ಅಭ್ಯಾಸ ಮಾಡಿಸಿ, ಆ ಅಳತೆಯನ್ನೇ ಹಿಂಡಿನ ಮೇಲೆ ಮಗುಚುತ್ತಾ ಹೋಗಬೇಕಂತೆ. ಸೇರಿನಲ್ಲಿ ಅಕ್ಕಿ ಅಳೆದ ಹಾಗೆ.

ಇನ್ನು ಬಲೆ. ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾನು ಹೋಗಿದ್ದೇ ಇದಕ್ಕೆ. ಪೊದೆಗಳ ನಡುವೆ ಎರಡು ಕೋಲು ನೆಟ್ಟು, ಎರಡಾಳು ಎತ್ತರದ ತನಕ ನೈಲಾನಿನ ತೀರಾ ತೆಳ್ಳಗಿನ ಬಲೆ ಕಟ್ಟಿರುತ್ತಾರೆ. ಹತ್ತಿರ ನಿಂತರೂ ಸರಿಯಾಗಿ ಕಾಣುವುದಿಲ್ಲ, ಜೇಡರ ಬಲೆಯೇ ವಾಸಿ. ಬಲೆಯ ಉದ್ದಕ್ಕೂ ಅಡ್ಡ ದಾರಗಳಿದ್ದು ಕೆಳಗೆ ಜೋಳಿಗೆಯ ಹಾಗೆ ಸಡಿಲ ಬಿಟ್ಟಿರುತ್ತಾರೆ. ಹಾರಿ ಬಂದ ಹಕ್ಕಿ ತಗುಲಿ ಆ ಜೋಳಿಗೆಗೆ ಬೀಳುತ್ತದೆ. ಹೊತ್ತುಹೊತ್ತಿಗೆ ಹೋಗಿ ನೋಡಲೇಬೇಕು, ಮಳೆ ಬಂದರೆ ಬಲೆ ಮುಚ್ಚಲೇಬೇಕು. ಬಿಡಿಸುವಾಗ ಹಕ್ಕಿ ಯಾವ ಕಡೆಯಿಂದ ಹೊಕ್ಕಿತು ಅಂತ ಮೊದಲು ಕಂಡುಹಿಡಿಯಬೇಕು, ಆ ಕಡೆಯಿಂದಲೇ, ಸಾಮಾನ್ಯವಾಗಿ ಕಾಲಿನಿಂದ ಶುರು ಮಾಡಿ ಬಿಡಿಸಬೇಕು. ಇದಕ್ಕೆ ಪರವಾನಗಿ ಬೇಕು, ಪರವಾನಗಿಗೆ ಪರೀಕ್ಷೆ ಇದೆ. ಹಾಗಾಗಿ ನನ್ನ ಕೈಗೆ ಬಲೆ ಕೊಡಲಿಲ್ಲ, ಪುಸ್ತಕ ಮತ್ತು ಪೆನ್ಸಿಲ್ ಕೊಟ್ಟರು. ಬರೆಯುವವನು ನಾನು.

ಬಟ್ಟೆ ಚೀಲದಿಂದ ಮೊದಲು ಹೊರಬಂದದ್ದು ಗೋಲ್ಡ್‌ಕ್ರೆಸ್ಟ್. ತಲೆ ಮೇಲೆ ಅರಿಶಿನದ ಗೀಟು. ತೂಕ ಐದಾರು ಗ್ರಾಂ, ಅಂದರೆ ನಿಮ್ಮ ಜೇಬಿನಲ್ಲಿರುವ ಹೊಸ ಐದು ರೂಪಾಯಿ ನಾಣ್ಯಕ್ಕಿಂತ ಹಗುರ. ಅದು ಸಮುದ್ರ ದಾಟುತ್ತದೆ. ಹಕ್ಕಿಯ ಕುತ್ತಿಗೆ ತೋರುಬೆರಳು, ಮಧ್ಯದ ಬೆರಳಿನ ನಡುವೆ ಬರುವ ಹಾಗೆ ಹಿಡಿದು, ಕಾಲಿಗೆ ಅಂಕೆ ಕೊರೆದ ಅಲ್ಯೂಮಿನಿಯಂ ಬಳೆ ಹಾಕಿ ಇಕ್ಕಳದಿಂದ ಮೆಲ್ಲಗೆ ಒತ್ತುತ್ತಾರೆ. ಆ ಹಕ್ಕಿ ಮುಂದೆ ಎಲ್ಲಾದರೂ ಸಿಕ್ಕರೆ ಗುರುತು ಹಿಡಿಯುವುದು ಈ ಅಂಕೆಯಿಂದ. ಆಮೇಲೆ ರೆಕ್ಕೆಯ ಉದ್ದ. ಆಮೇಲೆ ಹೊಟ್ಟೆಯ ಪುಕ್ಕದ ಮೇಲೆ ಉಫ್ ಅಂತ ಊದುತ್ತಾರೆ. ಪುಕ್ಕ ಸರಿದಾಗ ತೆಳು ಚರ್ಮದ ಕೆಳಗೆ ಹಳದಿ ಕೊಬ್ಬು ಕಾಣುತ್ತದೆ, ಅದಕ್ಕೆ ಅಂಕ ಕೊಡುತ್ತಾರೆ. ಪ್ರಯಾಣಕ್ಕೆ ಕಟ್ಟಿಕೊಂಡ ಬುತ್ತಿ ಎಷ್ಟಿದೆ ಅನ್ನುವ ಲೆಕ್ಕ. ಕೊನೆಗೆ ತಲೆಕೆಳಗಾಗಿ ಒಂದು ಸಣ್ಣ ಡಬ್ಬಿಯಲ್ಲಿ ಇಟ್ಟು ತೂಕ. ಎಲ್ಲಾ ಸೇರಿ ಒಂದೆರಡು ನಿಮಿಷ, ಹಾರಿಹೋಯಿತು. ರಾಬಿನ್‌ಗಳು ಬಂದವು, ನಮ್ಮ ಹಿತ್ತಲಿನ ಮಡಿವಾಳ ಹಕ್ಕಿಯ ಕುಲದವೇ, ಸುಮ್ನೆ ದೊಡ್ಡ ಕಣ್ಣು ಬಿಟ್ಟು ನೋಡುತ್ತವೆ. ಬ್ಲೂ ಟಿಟ್ ಹಾಗಲ್ಲ. ಉಗುರಿನ ಸಂದಿ ಹುಡುಕಿ ಕುಕ್ಕುತ್ತದೆ. ಬಳೆ ಹಾಕುವವರ ಬೆರಳು ನೋಡಿದರೆ ಈ ವರ್ಷ ಬ್ಲೂ ಟಿಟ್ ಎಷ್ಟು ಬಂದಿವೆ ಅಂತ ಗೊತ್ತಾಗುತ್ತದೆ. ಒಂದಂತೂ ಬಳೆ ತೊಟ್ಟು ಬಿಟ್ಟ ಮೇಲೆ ಅದೇ ದಿನ ಇನ್ನೂ ಎರಡು ಸಲ ಬಲೆಗೆ ಬಿತ್ತು.

ನಾನು ಅವರಿಗೆ ಕನ್ನಡದಲ್ಲಿ ಹಕ್ಕಿ ಹಿಡಿಯುವುದಕ್ಕೆ ಬಲೆ, ಕಾಲಿಗೆ ಹಾಕುವುದಕ್ಕೆ ಬಳೆ ಅನ್ನುತ್ತೇವೆ ಅಂತ ಹೇಳಿದೆ. 'ಎರಡಕ್ಕೂ ಒಂದೇ ಪದವಾ?' ಅಂದರು. ಅರ್ಧ ಗಂಟೆ ಪ್ರಯತ್ನ ಮಾಡಿದರೂ ಅವರಿಗೆ ಲ, ಳ ಬೇರೆಯಾಗಿ ಕೇಳಿಸಲೇ ಇಲ್ಲ.

ನಗಬೇಡಿ, ಆಮೇಲೆ ನನ್ನ ಸರದಿಯೂ ಬಂತು. ಅಲ್ಲಿಯವರು 1 ಬರೆಯುವಾಗ ಮೇಲೆ ಉದ್ದಕ್ಕೆ ಒಂದು ಕೊಕ್ಕೆ ಎಳೆಯುತ್ತಾರೆ, 7ಕ್ಕೆ ನಡುವೆ ಅಡ್ಡಗೆರೆ ಹಾಕುತ್ತಾರೆ. ಇದು ನನ್ನ ತಲೆಯಲ್ಲಿ ಇರಲೇ ಇಲ್ಲ. ಇನ್ನೊಬ್ಬರು ಬರೆದಿಟ್ಟ ಚೀಟಿಯನ್ನು ಪುಸ್ತಕಕ್ಕೆ ಇಳಿಸುವಾಗ ಅವರ 1ನ್ನೆಲ್ಲಾ 7 ಅಂತ ಓದಿಕೊಂಡು ಬರೆಯುತ್ತಾ ಹೋದೆ. ಸಂಜೆ ತಾಳೆ ನೋಡುವಾಗ ಒಂದರ್ಧ ಪುಟ ಪೂರ್ತಿ ತಪ್ಪು. ಯಾರೂ ಬೈಯಲಿಲ್ಲ, ಕಾಫಿ ಕೊಟ್ಟು ಮತ್ತೆ ಬರೆಯಲು ಕೂರಿಸಿದರು. ಬೈದಿದ್ದರೇ ಚೆನ್ನಾಗಿತ್ತು. ಒಂದು ಅಂಕೆ ತಪ್ಪಿದರೆ ಆ ಹಕ್ಕಿಯ ಜಾತಕ ಇನ್ನೊಂದು ಹಕ್ಕಿಗೆ ಅಂಟಿಕೊಳ್ಳುತ್ತದೆ, ಅಲ್ವಾ? 1899ರಲ್ಲಿ ಡೆನ್ಮಾರ್ಕಿನ ವೀಬೋರ್ ಊರಿನ ಮೇಷ್ಟ್ರು ಮಾರ್ಟೆನ್ಸನ್ ಸ್ಟಾರ್ಲಿಂಗ್ ಹಕ್ಕಿಗಳಿಗೆ ಅಂಕೆ, ವಿಳಾಸ ಕೊರೆದ ಅಲ್ಯೂಮಿನಿಯಂ ಬಳೆ ಹಾಕಿದಾಗಿನಿಂದ ಈ ವಿದ್ಯೆ ನಿಂತಿರುವುದೇ ಆ ಅಂಕೆಯ ಮೇಲೆ. ಫಿನ್ಲೆಂಡಿನಲ್ಲಿ 1913ರಲ್ಲಿ ಶುರುವಾಯಿತು.

ರಾತ್ರಿ ಗೂಬೆ. ಕತ್ತಲಾದ ಮೇಲೆ ಬಲೆಯ ಪಕ್ಕ ಸ್ಪೀಕರಿನಲ್ಲಿ ಗಂಡು ಗೂಬೆಯ ಕೂಗು ಹಾಕುತ್ತಾರೆ. ಆ ಗೂಬೆಯ ಫಿನ್ನಿಶ್ ಹೆಸರಿನ ಅರ್ಥ 'ಮುತ್ತಿನ ಗೂಬೆ', ಮೈಮೇಲೆ ಬಿಳಿ ಚುಕ್ಕೆ ಇರುವುದಕ್ಕೆ. ಬಿದ್ದದ್ದು ಒಂದೇ ಒಂದು. ರೆಕ್ಕೆಯನ್ನು ಬಿಡಿಸಿ ಕೆಳಭಾಗಕ್ಕೆ ನೇರಳಾತೀತ ಬೆಳಕು ಹಿಡಿದರು ನೋಡಿ, ಕೆಲವು ಗರಿಗಳು ಗುಲಾಬಿ ಬಣ್ಣಕ್ಕೆ ಹೊಳೆದವು! ಹೊಸ ಗರಿಯಲ್ಲಿ ಪೋರ್ಫಿರಿನ್ ಅನ್ನುವ ಬಣ್ಣದ ವಸ್ತು ಇರುತ್ತದೆ, ಬಿಸಿಲಿಗೆ ಬರಬರುತ್ತಾ ಹಾಳಾಗುತ್ತದೆ. ಎಲ್ಲಾ ಗರಿ ಒಂದೇ ಥರ ಹೊಳೆದರೆ ಈ ವರ್ಷದ ಮರಿ, ಕೆಲವು ಮಂಕಾಗಿದ್ದರೆ ದೊಡ್ಡದು. ಬಿಡುವ ಮುಂಚೆ ಅದರ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಅಂತ ನನ್ನ ತೋಳಿನ ಮೇಲೆ ಕೂರಿಸಿ ದೀಪ ಆರಿಸಿದರು. ನಮ್ಮಲ್ಲಿ ಬೇರೆಯವರ ಮೇಲೆ ಗೂಬೆ ಕೂರಿಸುವುದು ಗೊತ್ತಲ್ಲ, ನನ್ನ ಮೇಲೆ ನಿಜವಾದದ್ದೇ ಕೂತಿತ್ತು. ಯಾವಾಗ ಹೋಯಿತು ಗೊತ್ತಾಗಲಿಲ್ಲ, ರೆಕ್ಕೆಯ ಸದ್ದೇ ಇಲ್ಲ.

ಈಗ ಸೊರಬ. ಸೌನಾದಲ್ಲಿ, ಅಂದರೆ ಅಲ್ಲಿಯವರ ಬಿಸಿ ಹಬೆ ಸ್ನಾನದ ಕೋಣೆಯಲ್ಲಿ ಕೂತಿದ್ದಾಗ ಒಬ್ಬರು ಕಾಲಿನಲ್ಲಿ ಉಣುಗು ಕಚ್ಚಿದೆಯಾ ಅಂತ ಹುಡುಕುತ್ತಿದ್ದರು. ಅಲ್ಲಿಯ ಕರಾವಳಿಯಲ್ಲಿ ಉಣುಗಿನಿಂದ ಮೆದುಳು ಜ್ವರ ಬರುತ್ತದೆ, ಲಸಿಕೆ ಹಾಕಿಸಿಕೊಂಡಿದ್ದೀಯಾ ಅಂತ ನನ್ನನ್ನು ಕೇಳಿದರು. ನಮ್ಮೂರಲ್ಲೂ ಉಣುಗಿನ ಕಾಯಿಲೆ ಇದೆ, ಮಂಗನ ಕಾಯಿಲೆ ಅಂತೇವೆ ಅಂದೆ. ಅವರು ತಟ್ಟನೆ 'ಕ್ಯಾಸನೂರ್!' ಅಂದರು. ಸೊರಬ ತಾಲ್ಲೂಕಿನ ಊರಿನ ಹೆಸರು ಫಿನ್ಲೆಂಡಿನ ಸೌನಾದಲ್ಲಿ, ಬಟ್ಟೆ ಇಲ್ಲದ ಒಬ್ಬ ಮುದುಕರ ಬಾಯಲ್ಲಿ. ಅವರು ವೈರಾಣು ಕೆಲಸ ಮಾಡಿ ನಿವೃತ್ತರಾದವರು. ಎರಡೂ ವೈರಸ್ಸು ಒಂದೇ ಗುಂಪಿನವು, ದಾಯಾದಿಗಳು.

ಇಲ್ಲಿ ಕೂತಿರುವ ಹಿರಿಯರಿಗೆ ನೆನಪಿರುತ್ತದೆ, 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಆಮೇಲೆ ಜನಕ್ಕೂ ಜ್ವರ ಬಂತು. ಆ ವೈರಸ್ಸು ರಷ್ಯದ ಕಡೆಯ ಉಣುಗು ಜ್ವರದ ವೈರಸ್ಸಿಗೆ ಹತ್ತಿರ ಅಂತ ಗೊತ್ತಾದಾಗ, ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳೇ ಉಣುಗು ಹೊತ್ತು ತಂದವಾ ಅನ್ನುವ ಅನುಮಾನ ಎದ್ದಿತು. ಅದನ್ನು ನೋಡುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು, ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ದೇಶದ ಬೇರೆಬೇರೆ ಕಡೆ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಬಳೆ ಹಾಕಲು ಶುರು ಮಾಡಿತು. ಹಕ್ಕಿಗಳ ಮೇಲಿನ ಆ ಆರೋಪ ಸಾಬೀತಾಗಲಿಲ್ಲ. ಗೂಬೆ ಕೂರಿಸಿದ್ದು ಅಷ್ಟೇ. ಆದರೆ ನಮ್ಮ ದೇಶದ ಹಕ್ಕಿ ವಲಸೆಯ ಬಗ್ಗೆ ಸಿಕ್ಕ ತಿಳಿವಳಿಕೆಯಲ್ಲಿ ಎಷ್ಟೋ ಪಾಲು ಬಂದದ್ದು ಆ ಕೆಲಸದಿಂದ. ನಾನು ಇಲ್ಲಿ ಹುಟ್ಟಿ ಬೆಳೆದವನು, ಮಂಗ ಸತ್ತಿದೆ ಅಂದರೆ ಕಾಡಿಗೆ ಹೋಗಬೇಡ ಅಂತ ಅಮ್ಮ ಹೇಳಿದ್ದನ್ನು ಕೇಳಿಕೊಂಡೇ ದೊಡ್ಡವನಾದವನು, ಇಷ್ಟು ಗೊತ್ತಾಗಲು ಹಾಂಕೊಗೆ ಹೋಗಬೇಕಾಯಿತು.

ಕೊನೆಗೆ ಒಂದು ಹಕ್ಕಿ. ಬ್ಲೈತ್ಸ್ ರೀಡ್ ವಾರ್ಬ್ಲರ್ ಅಂತ, ಕಂದು ಬಣ್ಣ, ನೋಡೋಕೆ ಏನೇನೂ ಇಲ್ಲ. ನಿಮ್ಮ ತೋಟದ ಬೇಲಿಯಲ್ಲಿ ಈಗ ಚಕ್, ಚಕ್ ಅಂತ ಒಂದೇ ಸಮನೆ ಸದ್ದು ಬರುತ್ತದಲ್ಲ, ಬಹಳ ಸಲ ಅದೇ. ಫಿನ್ಲೆಂಡಿನಲ್ಲಿ ಬೇಸಿಗೆಯಲ್ಲಿ ಗೂಡು ಕಟ್ಟುತ್ತದೆ, ರಾತ್ರಿಯೆಲ್ಲಾ ಬೇರೆ ಹಕ್ಕಿಗಳ ದನಿ ಅನುಕರಿಸಿ ಹಾಡುತ್ತದೆ. ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗುವುದಿಲ್ಲ, ಭಾರತಕ್ಕೆ ಬರುತ್ತದೆ. ಅದಕ್ಕೆ ಬಳೆ ಹಾಕುವುದನ್ನು ನೋಡಬೇಕು ಅಂತ ನನಗೆ ಆಸೆ ಇತ್ತು. ಕೇಳಿದೆ. ಅಜ್ಜಿ ನಕ್ಕರು. 'ಅಕ್ಟೋಬರಿನಲ್ಲಿ ಅದು ಇಲ್ಲೆಲ್ಲಿ? ಆಗಲೇ ನಿಮ್ಮ ಮನೆ ಸೇರಿರುತ್ತದೆ' ಅಂದರು.

ಹಾಗಾಗಿ ನಿಮ್ಮಲ್ಲಿ ಒಂದು ಕೇಳಿಕೆ. ಕಾಲಲ್ಲಿ ಬಳೆ ಇರುವ ಹಕ್ಕಿ ಸತ್ತು ಸಿಕ್ಕರೆ ಬಿಸಾಡಬೇಡಿ. ಬದುಕಿದ್ದರೆ ಹಿಡಿಯಲು ಹೋಗಬೇಡಿ, ದೂರದಿಂದ ಫೋಟೋ ತೆಗೆಯಿರಿ. ಬಳೆ ಮೇಲೆ ಬರೆದದ್ದನ್ನು ಪೂರ್ತಿ ಓದಿ, ದಿನ, ಜಾಗ ಗುರುತು ಮಾಡಿಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಬರೆಯುವಾಗ ಮಾತ್ರ 1 ಯಾವುದು, 7 ಯಾವುದು ಅಂತ ಇನ್ನೊಮ್ಮೆ ನೋಡಿಬಿಡಿ.

ಪ್ರಶ್ನೆ ಇದ್ದರೆ ಕೇಳಿ. ಆ ಮೂಲೆಯಲ್ಲಿ ಕೈ ಎತ್ತಿದ್ದೀರಲ್ಲ, ನೀವೇ ಮೊದಲು.