ಫೈರ್‌ವಾಲ್ ಆಫ್ ಮಾಡುವ ಮುನ್ನ

ಕೇಳುಗರೇ, ದೂರದ ಲಿನಕ್ಸ್ ಯಂತ್ರದಲ್ಲಿ ಚಿತ್ರರೂಪದ ತಂತ್ರಾಂಶವೊಂದನ್ನು ಆರಂಭಿಸಿದಾಗ ಕಿಟಕಿ ತೆರೆಯುವ ಬದಲು 'ಕಾಂಟ್ ಓಪನ್ ಡಿಸ್‌ಪ್ಲೇ' ಎಂಬ ಸಾಲು ಬಂದರೆ, ಸಾಮಾನ್ಯವಾಗಿ ಸಿಗುವ ಸಲಹೆ ಹೀಗಿರುತ್ತದೆ: ಜಾಲದಿಂದ ಬರುವ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಆಫ್ ಮಾಡಿ, ಪರದೆಯ ಬಳಕೆಯನ್ನು ಎಲ್ಲರಿಗೂ ತೆರೆಯುವ ಎಕ್ಸ್‌ಹೋಸ್ಟ್ ಪ್ಲಸ್ ಆಜ್ಞೆಯನ್ನು ಟೈಪಿಸಿ. ಈ ಸಲಹೆಯನ್ನು ಯಾರೂ ಯಾರಿಗೂ ಕೊಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

1984ರಲ್ಲಿ ಎಂಐಟಿಯಲ್ಲಿ ಹುಟ್ಟಿ 1987ರಲ್ಲಿ 11ನೆಯ ಆವೃತ್ತಿಯನ್ನು ತಲುಪಿದ ಎಕ್ಸ್ ವಿಂಡೋ, ಅಂದರೆ ತಂತ್ರಾಂಶಗಳ ಕಿಟಕಿಗಳನ್ನು ಪರದೆಗೆ ತರುವ ವ್ಯವಸ್ಥೆಯಲ್ಲಿ, ಪರದೆ, ಕೀಲಿಮಣೆ, ಮೌಸ್‌ಗಳನ್ನು ನೋಡಿಕೊಳ್ಳುವ ನಿಮ್ಮ ಮೇಜಿನ ಮೇಲಿನ ಯಂತ್ರವೇ ಸರ್ವರ್. ದೂರದಲ್ಲಿ ನಡೆಯುವ ತಂತ್ರಾಂಶವು ಕ್ಲೈಂಟ್ ಆಗಿ, ಚಿತ್ರ ಬಿಡಿಸಲು ನಿಮ್ಮ ಯಂತ್ರದ 6000ನೆಯ ಟಿಸಿಪಿ ಪೋರ್ಟಿಗೆ, ಅಂದರೆ ಜಾಲ ಸಂಪರ್ಕದ ಆ ಸಂಖ್ಯೆಯ ಬಾಗಿಲಿಗೆ, ಬರುತ್ತದೆ. ಡಿಸ್‌ಪ್ಲೇ ಸಂಖ್ಯೆ 1 ಆಗಿದ್ದರೆ 6001ಕ್ಕೆ. ಈ ದಿಕ್ಕನ್ನು ಅರಿಯದವರು ದೂರದ ಯಂತ್ರದ ಒಳಬರುವ ನಿಯಮಗಳನ್ನು ಗಂಟೆಗಟ್ಟಲೆ ತಿದ್ದುತ್ತಾರೆ, ತಡೆ ಮಾತ್ರ ಅವರ ಎದುರಿನ ಯಂತ್ರದಲ್ಲೇ ಇರುತ್ತದೆ.

ಮೊದಲು ದೂರದ ಯಂತ್ರದಿಂದ ಎನ್‌ಸಿ ಆಜ್ಞೆಯ ಮೂಲಕ ಆ ಪೋರ್ಟನ್ನು ಪರೀಕ್ಷಿಸಿ. ಉತ್ತರವೇ ಬಾರದೆ ಸಮಯ ಮೀರಿದರೆ, ಬಹುಮಟ್ಟಿಗೆ ಫೈರ್‌ವಾಲ್ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಕೈಬಿಡುತ್ತಿದೆ. 'ಕನೆಕ್ಷನ್ ರೆಫ್ಯೂಸ್ಡ್' ಎಂದು ತಕ್ಷಣ ಬಂದರೆ, ಹೆಚ್ಚಾಗಿ ಆ ಪೋರ್ಟಿನಲ್ಲಿ ಎಕ್ಸ್ ಸರ್ವರ್ ಆಲಿಸುತ್ತಲೇ ಇಲ್ಲ, 2015ರ ಎಕ್ಸ್.ಆರ್ಗ್ ಸರ್ವರ್ 1.17ರಿಂದೀಚೆಗೆ ಟಿಸಿಪಿ ಆಲಿಸುವಿಕೆಯನ್ನು ನಾವೇ ಕೇಳಿ ಆರಂಭಿಸಬೇಕು. ಹಾಗಿರುವಾಗ ಫೈರ್‌ವಾಲ್ ಕಿತ್ತುಹಾಕಿದರೂ ಕಿಟಕಿ ತೆರೆಯುವುದಿಲ್ಲ, ಯಂತ್ರ ಮಾತ್ರ ಬಯಲಿಗೆ ಬೀಳುತ್ತದೆ.

ವಿಂಡೋಸ್‌ನಲ್ಲಿ ವಿಸಿಎಕ್ಸ್‌ಎಸ್‌ಆರ್‌ವಿ ಎಂಬ ಎಕ್ಸ್ ಸರ್ವರ್ ಹಾಕಿಕೊಂಡು, ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ 2ರಿಂದ ಸಂಪರ್ಕಿಸುವವರಿಗೂ ಇದೇ ತೊಡಕು, ಏಕೆಂದರೆ ಅಲ್ಲಿನ ಲಿನಕ್ಸ್ ಸಾಮಾನ್ಯವಾಗಿ ಪ್ರತ್ಯೇಕ ವರ್ಚುವಲ್ ಜಾಲದಿಂದ ಬರುತ್ತದೆ. ಆ ಜಾಲದ ವಿಳಾಸಗಳಿಗಷ್ಟೇ ಅನುಮತಿ ಕೊಡುವ ಒಂದು ನಿಯಮ ಸಾಕು.

ನನ್ನ ಆತಂಕಕ್ಕೆ ಕಾರಣವಿದೆ. ಎಕ್ಸ್ ಸರ್ವರಿಗೆ ಸಂಪರ್ಕ ಪಡೆದ ತಂತ್ರಾಂಶವು ಸಾಮಾನ್ಯವಾಗಿ ಇತರ ಕಿಟಕಿಗಳ ಚಿತ್ರ ಸೆರೆಹಿಡಿಯಬಲ್ಲದು, ನೀವು ಒತ್ತುವ ಪ್ರತಿಯೊಂದು ಕೀಲಿಯನ್ನೂ ಓದಬಲ್ಲದು. ಎಕ್ಸ್‌ಹೋಸ್ಟ್ ಪ್ಲಸ್ ಎಂದರೆ, ಆ ಪೋರ್ಟನ್ನು ತಲುಪಬಲ್ಲ ಯಾರಿಗಾದರೂ ಈ ಅಧಿಕಾರವನ್ನು ಕೊಟ್ಟಂತೆ. ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಕೂಡ ಅದರಲ್ಲಿ ಸೇರಿದೆ.

ಇಷ್ಟೆಲ್ಲ ಅಪಾಯಕ್ಕೆ ಒಡ್ಡಿಕೊಳ್ಳುವ ಅಗತ್ಯವೇ ಇಲ್ಲ. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಎಕ್ಸ್11 ಫಾರ್ವರ್ಡಿಂಗ್ ಬಳಸಿದರೆ ಚಿತ್ರವೂ ಗೂಢಲಿಪೀಕರಣಗೊಂಡ ಅದೇ 22ನೆಯ ಪೋರ್ಟಿನ ಸಂಪರ್ಕದಲ್ಲೇ ಬರುತ್ತದೆ, 6000ವನ್ನು ಹೊರಜಾಲಕ್ಕೆ ತೆರೆಯಬೇಕಾಗಿಲ್ಲ. ದೂರದ ಯಂತ್ರದಲ್ಲಿ ಎಕ್ಸ್ ಸಂಪರ್ಕದ ಗುರುತುಕೀಲಿಗಳನ್ನು ನೋಡಿಕೊಳ್ಳುವ ಎಕ್ಸ್‌ಆತ್ ಇರಬೇಕು, ಎಸ್‌ಎಸ್‌ಎಚ್ ಸರ್ವರಿನಲ್ಲಿ ಫಾರ್ವರ್ಡಿಂಗ್‌ಗೆ ಅನುಮತಿ ಇರಬೇಕು. ಹಿಂದೆಂದೋ ದೂರದ ಯಂತ್ರದ ಬ್ಯಾಶ್‌ಆರ್‌ಸಿ ಎಂಬ ಆರಂಭಿಕ ಆಜ್ಞೆಗಳ ಕಡತದಲ್ಲಿ ಡಿಸ್‌ಪ್ಲೇ ವಿಳಾಸವನ್ನು ಕೈಯಾರೆ ಬರೆದಿಟ್ಟಿದ್ದರೆ ಆ ಸಾಲನ್ನು ಅಳಿಸಿ, ಏಕೆಂದರೆ ಎಸ್‌ಎಸ್‌ಎಚ್ ತಾನಾಗಿ ಕೊಡುವ ಲೋಕಲ್‌ಹೋಸ್ಟ್ 10ರ ವಿಳಾಸವನ್ನು ಅದು ಪ್ರತಿ ಲಾಗಿನ್‌ನಲ್ಲೂ ಅಳಿಸಿಹಾಕುತ್ತಿರುತ್ತದೆ.