ಪಕ್ಕದ ಕೊಳದವರು ಏನಂತಾರೆ?

ಕೇಳುಗರಿಗೆ ನಮಸ್ಕಾರ.

ಮೀನು, ಸೀಗಡಿ ಎಲ್ಲ ಸೇರಿಸಿ ನೋಡಿದರೆ, ಈಗ ಜಗತ್ತಿನಲ್ಲಿ ಬಲೆ ಬೀಸಿ ಹಿಡಿದದ್ದಕ್ಕಿಂತ ಸಾಕಿದ್ದೇ ಜಾಸ್ತಿ. 2022ರಲ್ಲಿ ಮೊದಲ ಸಲ ಹೀಗಾಯಿತು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಲೆಕ್ಕ ಕೊಟ್ಟಿದೆ. ಇಷ್ಟೊಂದು ಸಾಕುವಾಗ ನೀರು ಕೆಡಬಾರದು, ಔಷಧಿ ಮಿತಿ ಮೀರಬಾರದು, ಕೂಲಿಯವರಿಗೆ ಅನ್ಯಾಯ ಆಗಬಾರದು. ಹೊರಗಿನವರು ಬಂದು ಇದನ್ನೆಲ್ಲ ನೋಡಿ, ಸರಿಯಿದ್ದರೆ ಪ್ರಮಾಣಪತ್ರ ಕೊಡುತ್ತಾರೆ. 2010ರಲ್ಲಿ ಶುರುವಾದ ಎಎಸ್‌ಸಿ, ಅಂದರೆ ಅಕ್ವಾಕಲ್ಚರ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಸಂಸ್ಥೆಯ ಪ್ರಮಾಣಪತ್ರ ಅಂಥದ್ದೊಂದು.

ಒಳ್ಳೆಯದೇ, ಅಲ್ವಾ? ಆದರೂ ಸಣ್ಣ ಸಾಕಣೆದಾರರು ಹಿಂದೇಟು ಹಾಕುತ್ತಾರೆ. ಖರ್ಚು ಜಾಸ್ತಿ ಅನ್ನುವುದು ನಿಜ. ಆದರೆ ಅದೊಂದೇ ಕಾರಣವಲ್ಲ. ಅವರು ಮೊದಲು ನೋಡುವುದು ಪಕ್ಕದ ಕೊಳದ ಕಡೆ. ಪಕ್ಕದವರು ಪ್ರಮಾಣಪತ್ರ ಮಾಡಿಸಿದರಾ? ಮಾಡಿಸಿ ಏನಾದರೂ ಗಿಟ್ಟಿತಾ? ಒಂದು ಸಲ ರೋಗ ಬಂದರೆ ಇಡೀ ಬೆಳೆಯೇ ಕೈಬಿಟ್ಟು ಹೋಗುವ ಕಸುಬು ಇದು. ಹಾಗಾಗಿ ಮಾಡಿ ನೋಡಿದವರ ಅನುಭವವನ್ನೇ ನಂಬುತ್ತಾರೆ.

ಇನ್ನೊಬ್ಬರ ಮಾತೂ ತೂಕದ್ದು. ಸಾಲದ ಮೇಲೆ ಮೇವು ಕೊಡುವ ವ್ಯಾಪಾರಿಯದು. ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಎಷ್ಟೋ ಕಡೆ ಮೊದಲು ಫೋನ್ ಹೋಗುವುದು ಅವರಿಗೇ. ಅವರು "ಅದೆಲ್ಲ ಸುಮ್ನೆ ಕಾಗದ" ಅಂದರೆ ಮಾತು ಅಲ್ಲಿಗೇ ನಿಂತಿತು.

ಮನೆಯವರನ್ನೂ ಮರೆಯಬಾರದು. ಪ್ರಮಾಣಪತ್ರ ಬೇಕಾದರೆ ದಿನದಿನದ ಲೆಕ್ಕ ಬರೆದಿಡಬೇಕು. ಎಷ್ಟು ಮೇವು ಹಾಕಿದ್ದು, ಎಷ್ಟು ಮೀನು ಸತ್ತದ್ದು, ಯಾವ ಔಷಧಿ ಯಾವತ್ತು ಕೊಟ್ಟದ್ದು. ಆ ಪುಸ್ತಕ ಎಷ್ಟೋ ಮನೆಗಳಲ್ಲಿ ಹೆಂಡತಿಯ ಇಲ್ಲವೇ ಮಗಳ ಕೈಗೆ ಬರುತ್ತದೆ. ತರಬೇತಿಗೆ ಗಂಡಸರನ್ನಷ್ಟೇ ಕರೆದರೆ ಹೇಗೆ? ಬರೆಯುವವರನ್ನೇ ಮೊದಲು ಕರೆಯಬೇಕು.

ನೀರಿನ ವಿಷಯಕ್ಕೆ ಬಂದರಂತೂ ಯಾರೂ ಒಂಟಿಯಲ್ಲ. ಒಬ್ಬರು ಕಾಲುವೆಗೆ ಬಿಟ್ಟ ನೀರನ್ನೇ ಕೆಳಗಿನವರು ಕೊಳಕ್ಕೆ ಹಾಯಿಸಿಕೊಳ್ಳುತ್ತಾರೆ. ರೋಗವೂ ಅದರ ಜೊತೆಗೇ ಬರುತ್ತದೆ. ಅದಕ್ಕೇ ನನಗೆ ಗುಂಪು ಪ್ರಮಾಣಪತ್ರದ ದಾರಿ, ಅಂದರೆ ಕೆಲವು ಸಾಕಣೆದಾರರು ಸೇರಿ ಒಟ್ಟಿಗೇ ಪ್ರಮಾಣಪತ್ರ ಮಾಡಿಸುವುದು, ಹಿಡಿಸುತ್ತದೆ. ತಪಾಸಣೆಯ ಖರ್ಚು ಹಂಚಿಹೋಗುತ್ತದೆ. ಒಬ್ಬರು ನಿಯಮ ಮುರಿದರೆ ಎಲ್ಲರ ಪತ್ರಕ್ಕೂ ಕುತ್ತು ಬರಬಹುದು, ಹಾಗಾಗಿ ಪಕ್ಕದವರೇ ಬಂದು ವಿಚಾರಿಸುತ್ತಾರೆ. "ನೀನೊಬ್ಬನೇ ದೊಡ್ಡ ಮನುಷ್ಯನಾ?" ಅನ್ನುವ ಕೊಂಕು ಮಾತಿಗೂ ಜಾಗ ಇರುವುದಿಲ್ಲ.

ಪ್ರಮಾಣಪತ್ರ ಮಾಡಿಸಿ ಅನ್ನುವವರಲ್ಲಿ ನನ್ನದೊಂದು ಕೇಳಿಕೆ. ಸಭೆ ಮಾಡಿ ಭಾಷಣ ಕೊಡುವ ಬದಲು, ಮಾಡಿಸಿಕೊಂಡವರ ಕೊಳದ ಏರಿಯ ಮೇಲೆ ಎಲ್ಲರನ್ನೂ ಸೇರಿಸಿ. ಮಾರಿದ ಚೀಟಿ, ಖರ್ಚಿನ ಲೆಕ್ಕ ಎರಡನ್ನೂ ತೋರಿಸಿ. ಹೆಚ್ಚಿನ ಬೆಲೆ ಸಿಗದಿದ್ದರೆ ಅದನ್ನೂ ಹೇಳಿಬಿಡಿ. ಹೇಗಿದ್ದರೂ ಸಂಜೆಯೊಳಗೆ ಅದು ಎಲ್ಲ ಕೊಳಗಳಿಗೂ ಗೊತ್ತಾಗುತ್ತದೆ.

ನಮಸ್ಕಾರ.