ಹೆಜ್ಜೆ ಹಾಕಿದ್ರೆ ಕರೆಂಟು

ಕೇಳುಗರಿಗೆಲ್ಲ ನಮಸ್ಕಾರ. ನಡೆದ್ರೆ ಕರೆಂಟ್ ಬರುತ್ತಂತೆ ಹೌದಾ ಸಾರ್ ಅಂತ ಹೋದಲ್ಲೆಲ್ಲಾ ಯಾರಾದ್ರೂ ಕೇಳ್ತಾರೆ, ಬರುತ್ತೆ ಕಣ್ರೀ, ಖಂಡಿತ ಬರುತ್ತೆ, ಆದ್ರೆ ಚೂರೇ ಚೂರು. ಸಣ್ಣ ಕರೆಂಟು ಸಣ್ಣ ಕೆಲಸಕ್ಕೆ. ಇದಿಷ್ಟು ನೆನಪಿದ್ರೆ ಸಾಕು, ಮಿಕ್ಕಿದ್ದು ಮರೆತ್ರೂ ಪರವಾಗಿಲ್ಲ.

ಅಡುಗೆಮನೆ ಗ್ಯಾಸ್ ಲೈಟರ್ ನೋಡಿ, ಟಕ್ ಅಂತ ಒತ್ತಿದ್ರೆ ಕಿಡಿ ಹಾರುತ್ತೆ, ಬ್ಯಾಟರಿ ಇಲ್ಲ ಏನಿಲ್ಲ. ಒಳಗೆ ಸ್ಪ್ರಿಂಗಿಗೆ ಸಿಕ್ಕಿಸಿರೋ ಪುಟ್ಟ ಸುತ್ತಿಗೆ ಒಂದು ಸೆರಾಮಿಕ್ ತುಂಡಿಗೆ ಹೊಡೆಯುತ್ತೆ, ಆ ಏಟಿಗೆ ಸಾವಿರಾರು ವೋಲ್ಟ್ ಹುಟ್ಟುತ್ತೆ, ಆದ್ರೆ ಕಣ್ಣು ಮಿಟುಕಿಸೋದ್ರೊಳಗೆ ಮುಗೀತು. ಹೀಗೆ ಒತ್ತಿದ್ರೆ ಕರೆಂಟ್ ಹುಟ್ಟೋದಕ್ಕೇ ಪೀಜೋಎಲೆಕ್ಟ್ರಿಸಿಟಿ ಅಂತಾರೆ, 1880ರಲ್ಲಿ ಪಿಯರ್ ಕ್ಯೂರಿ ಮತ್ತೆ ಅವರಣ್ಣ ಜಾಕ್ ಅನ್ನೋ ವಿಜ್ಞಾನಿಗಳು ಕಂಡುಹಿಡಿದಿದ್ದು. ನೆಲದ ಟೈಲ್ಸ್ ಕೆಳಗೆ ಇಂಥದ್ದೇ ತುಂಡು ಇಟ್ರೆ, ನಿಮ್ಮ ಹೆಜ್ಜೆಯ ಒತ್ತಡಕ್ಕೂ ಚೂರು ಕರೆಂಟ್ ಬರುತ್ತೆ.

ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಒಬ್ರು ವಾಟ್ಸಾಪ್ ವಿಡಿಯೋ ತೋರಿಸಿ, ಮೆಟ್ಟಿಲಿಗೆಲ್ಲ ಕರೆಂಟ್ ಟೈಲ್ಸ್ ಹಾಕಿಸೋಣ, ಲಿಫ್ಟ್ ಪುಕ್ಕಟೆ ಓಡುತ್ತೆ ಅಂದ್ರು. ಎಲ್ಲರೂ ಚಪ್ಪಾಳೆ! ನಾನು ಪೇಪರ್ ಪೆನ್ ತಗೊಂಡೆ. ಒಂದು ಹೆಜ್ಜೆಗೆ ಧಾರಾಳವಾಗಿ 5 ಜೂಲ್ ಶಕ್ತಿ ಅಂತ ಹಿಡೀರಿ (ಜೂಲ್ ಅಂದ್ರೆ ಶಕ್ತಿ ಅಳೆಯೋ ಲೆಕ್ಕ), ಅದರಲ್ಲಿ 9 ವಾಟಿನ ಎಲ್‌ಇಡಿ ಬಲ್ಬು ಅರ್ಧ ಸೆಕೆಂಡ್ ಉರಿಯುತ್ತೆ. 60 ಕೆಜಿ ಮನುಷ್ಯನ್ನ 3 ಮೀಟರ್ ಮೇಲೆತ್ತೋಕೆ ಸುಮಾರು 1,760 ಜೂಲ್ ಬೇಕು, ಅಂದ್ರೆ 350 ಹೆಜ್ಜೆ, ಅದೂ ಏನೂ ಪೋಲಾಗದೆ ಇದ್ರೆ, ಒಂದೇ ಒಂದು ಮಹಡಿಗೆ! ಅವರು ಒಪ್ಪಲಿಲ್ಲ, ಜಪಾನ್‌ನೋರು ಮಾಡಿದಾರಲ್ಲ ಅಂದ್ರು. ಮಾಡಿದಾರೆ, 2008ರ ಹೊತ್ತಿಗೆ ಟೋಕಿಯೋ ಸ್ಟೇಷನ್ನಿನ ಟಿಕೆಟ್ ಗೇಟ್ ಹತ್ರ ಅಂಥ ನೆಲ ಹಾಸಿ ಪರೀಕ್ಷೆ ಮಾಡಿದ್ರು, ಅದರಿಂದ ರೈಲು ಓಡಿಸ್ಲಿಲ್ಲವಲ್ಲ ಸ್ವಾಮಿ ಅಂದೆ. ಅಷ್ಟರಲ್ಲಿ ಹಿಂದಿನ ಸಾಲಿನ ಅಜ್ಜಿಯೊಬ್ರು, ಕಾಲಿಟ್ಟಾಗ ಟೈಲ್ಸ್ ಕೆಳಗೆ ಕುಸಿಯುತ್ತಾ ಅಂದ್ರು. ಹೌದಮ್ಮ, ಸ್ವಲ್ಪ ಅಂದೆ. "ಹಾಗಾದ್ರೆ ಕರೆಂಟ್ ಬರೋದು ನನ್ನ ಮಂಡಿಯಿಂದ ಅನ್ನಿ!" ಅಂದ್ರು ನೋಡಿ, ಅರ್ಧ ಗಂಟೆಯಿಂದ ನಾನು ಹೇಳೋಕೆ ಒದ್ದಾಡ್ತಿದ್ದಿದ್ದೇ ಅದು. ಪುಕ್ಕಟೆ ಅಲ್ಲ, ನೀವು ತಿಂದ ಮುದ್ದೆ, ಅನ್ನಾನೇ ಅದು.

ಅಯ್ಯೋ, ಟೈಮ್ ಆಗ್ತಾ ಬಂತಂತೆ, ಬೇಗ ಹೇಳ್ತೀನಿ. ಚೂರೇ ಕರೆಂಟ್ ಸಾಕಾಗೋ ಕಡೆ, ಹೀಗೆ ಒತ್ತಿ ಅಲ್ಲಾಡಿಸಿ ಪಡೆಯೋ ಕರೆಂಟಿನ ಮಜಾ ನೋಡ್ಬೇಕು, ಪೀಜೋನೇ ಆಗ್ಬೇಕಂತಿಲ್ಲ. ಸೀಕೋದ ಕೈನೆಟಿಕ್ ವಾಚು ಕೈ ಅಲ್ಲಾಡಿದ್ರೇ ಚಾರ್ಜ್ ಆಗುತ್ತೆ. ಬ್ಯಾಟರಿ ಇಲ್ಲದ ವೈರ್‌ಲೆಸ್ ಸ್ವಿಚ್ ಮಾರ್ಕೆಟ್ಟಲ್ಲಿದೆ, ನೀವು ಒತ್ತಿದ ಒತ್ತಡದಿಂದಲೇ ಅದು ಸಿಗ್ನಲ್ ಕಳಿಸುತ್ತೆ. ಸೇತುವೆ ಅಡಿ, ಮೋಟಾರ್ ಮೇಲೆ ಕೂರಿಸೋ ಸೆನ್ಸರ್‌ಗಳಿಗೆ ಆ ನಡುಕವೇ ಊಟ, ಬ್ಯಾಟರಿ ಬದಲಾಯಿಸೋಕೆ ಯಾರೂ ಏಣಿ ಹತ್ತಬೇಕಿಲ್ಲ, ಎಸೆದ ಬ್ಯಾಟರಿ ಕಸಾನೂ ಇಲ್ಲ. ಸಣ್ಣ ಕರೆಂಟು, ಸಣ್ಣ ಕೆಲಸ! ಲಿಫ್ಟಿಗೆ ಮಾತ್ರ ದಯವಿಟ್ಟು ಕೇಳ್ಬೇಡಿ, ಅದಕ್ಕೆ ತಾರಸಿ ಮೇಲೆ ಸೋಲಾರ್ ಹಾಕಿಸ್ಕೊಳ್ಳಿ. ನಮಸ್ಕಾರ.